ಹೊರಗಿನವರು ಬಂದು ಸೀನಬೇಕು

ಆಯಿ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಫೆಬ್ರುವರಿ ೩, ಮಂಗಳವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ. ಆಗ ನಾನು ಪ್ರನಾಳಗಳನ್ನು ಎಣಿಸುತ್ತಿದ್ದೆ. ಚಿಕ್ಕೋಡಿಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ನಾನು ಸಹಾಯಕಿ. ಸೀಸೆಗಳಿಗೆ ಚೀಟಿ ಅಂಟಿಸುವುದು, ಒಡೆದದ್ದನ್ನು ಒಡೆದಿದೆ ಎಂದು ಬರೆದಿಡುವುದು ನನ್ನ ಕೆಲಸ. ಸುದ್ದಿ ತಂದವಳು ಅಲ್ಲಿಯೇ ಕಸ ಗುಡಿಸುವ ಶಾಂತಕ್ಕ. ಆಯಿ ಅವಳಿಗೆ ದೂರದ ಸೋದರತ್ತೆ.

"ನಿಮ್ಮ ಮನಿ ಖಾಲಿ ಮಾಡಿದ ಆಯಿ ಹ್ವಾದಳ್ರಿ," ಎಂದಳು. "ನಿನ್ನಿ ಸಂಜೀಕ. ಚಹಾ ಕುಡದು, ಕಪ್ಪು ಬಸಿ ತೊಳದಿಟ್ಟು, ಅಡ್ಡಾದಾಕಿ ಏಳಲಿಲ್ಲಂತ."

ನನ್ನ ಎಣಿಕೆ ತಪ್ಪಿತು. ಮತ್ತೆ ಒಂದರಿಂದ ಶುರು ಮಾಡಿದೆ.

ಸಂಜೆ ಮನೆಗೆ ಬಂದು ಹೋದ ವರ್ಷದ ಡೈರಿ ತೆಗೆದೆ. ಆಯಿ ನಮ್ಮ ಮನೆಗೆ ಬಂದದ್ದು ಒಂಬತ್ತು ದಿನ. ಕುಡಿದ ಚಹಾ ಹದಿನೆಂಟು ಕಪ್ಪು. ನನ್ನನ್ನು 'ಶಾಣ್ಯಾಕಿ', ಅಂದರೆ ಜಾಣೆ, ಎಂದು ಕರೆದದ್ದು ಇಪ್ಪತ್ತಮೂರು ಸಲ, ಅದರಲ್ಲಿ ಹೊಗಳಿಕೆ ಒಂದೂ ಇಲ್ಲ. ಇಷ್ಟನ್ನೆಲ್ಲ ದಿನಾಂಕ ಹಾಕಿ ಬರೆದುಕೊಂಡವಳು ಆಕೆಯ ಹೆಸರು ಬರೆದುಕೊಂಡಿಲ್ಲ. ಎಲ್ಲ ಪುಟದಲ್ಲೂ 'ಆಯಿ', ಅಂದರೆ ಅಜ್ಜಿ, ಎಂದಷ್ಟೇ ಇದೆ. ನಮ್ಮ ಮನೆಯ ಒಂದು ಸಾವಿರದ ನೂರಾ ನಲವತ್ತಾರು ಸಾಮಾನುಗಳ ಹೆಸರು ಮಾತ್ರ ಪಟ್ಟಿಯಲ್ಲಿ ಅಚ್ಚುಕಟ್ಟಾಗಿವೆ.

ಆ ಪಟ್ಟಿಯ ಕತೆ ಹೇಳದೆ ಆಯಿಯ ಕತೆ ಹೇಳಲಾಗುವುದಿಲ್ಲ.

ಹೋದ ವರ್ಷ ಏಪ್ರಿಲ್ ೨೬, ಶನಿವಾರ, ಅವ್ವ ಬಚ್ಚಲಿಗೆ ಹೋಗುವಾಗ ಒಂದು ರಟ್ಟಿನ ಪೆಟ್ಟಿಗೆಗೆ ಕಾಲು ತಾಗಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಪೆಟ್ಟಿಗೆಯ ಮೇಲೆ ನನ್ನ ಮುದ್ದಾದ ಅಕ್ಷರದಲ್ಲಿ 'ಇತರೆ – ೪' ಎಂದು ಬರೆದಿತ್ತು. ನಮ್ಮಲ್ಲಿ 'ಇತರೆ' ಏಳರ ತನಕ ಇತ್ತು.

ಅಪ್ಪ ತೀರಿಕೊಂಡು ಆರು ವರ್ಷ. ಮನೆಯಲ್ಲಿ ನಾನು, ಅವ್ವ ಇಬ್ಬರೇ. ಇಬ್ಬರು ಹೆಂಗಸರು ಇಷ್ಟು ಸಾಮಾನು ಹೇಗೆ ಕೂಡಿಹಾಕಿದಿರಿ ಎಂದು ಯಾರಾದರೂ ಕೇಳಿದರೆ ನಾನು ಅವ್ವನ ಕಡೆಗೆ ಬೆರಳು ತೋರಿಸುತ್ತಿದ್ದೆ. ಅವ್ವ ಮುರಿದ ಛತ್ರಿಯನ್ನೂ ಎಸೆಯುವವಳಲ್ಲ, ನಿಜ. ಆದರೆ ಆ ಛತ್ರಿಗೆ ಚೀಟಿ ಅಂಟಿಸಿ, ಪೆಟ್ಟಿಗೆಯಲ್ಲಿ ಜಾಗ ಮಾಡಿ, ಅದನ್ನು ಮನೆಯ ಕಾಯಂ ನೌಕರಿಗೆ ಸೇರಿಸಿಕೊಂಡವಳು ನಾನು. ಚೀಟಿ ಅಂಟಿಸಿದ ಮೇಲೆ ಯಾವುದೂ ಕಸವಾಗಿ ಉಳಿಯುವುದಿಲ್ಲ ಎಂದು ಬಹಳ ವರ್ಷ ನಂಬಿದ್ದೆ.

ಆಸ್ಪತ್ರೆಯಿಂದ ಅವ್ವನನ್ನು ಅಥಣಿ ತಾಲ್ಲೂಕಿನ ಐಗಳಿಗೆ, ಸೋದರಮಾವನ ಮನೆಗೆ ಕರೆದೊಯ್ದರು. ಮೂರು ತಿಂಗಳು ವಾಕರ್ ಹಿಡಿದು ನಡೆಯಬೇಕೆಂದು ಡಾಕ್ಟರು ಹೇಳಿದ್ದರು. ನಮ್ಮ ಮನೆಯಲ್ಲಿ ವಾಕರ್ ಇರಲಿ, ನಾನೇ ಅಡ್ಡ ತಿರುಗಿ ನಡೆಯುತ್ತಿದ್ದೆ. ದಾರಿ ಆಗುವ ತನಕ ಅವ್ವ ಬರುವಂತಿರಲಿಲ್ಲ.

ಅವಳು ದಿನಾ ಸಂಜೆ ಫೋನು ಮಾಡುತ್ತಿದ್ದಳು.

"ಆತೇನ?"

"ನಡದೈತಿ ಅವ್ವಾ."

"ಅದು ನಡದೈತಿ, ಖರೆ. ನಾ ನಡ್ಯೂದ ಯಾವಾಗ?"

ಮಾವ ಒಳ್ಳೆಯವನು, ಅತ್ತೆಯೂ ಒಳ್ಳೆಯವಳು. ಆದರೆ ಅತ್ತೆಯೇ ಒಂದು ದಿನ ಮೆಲ್ಲಗೆ ಹೇಳಿದಳು: "ನಿಮ್ಮವ್ವ ಮಧ್ಯಾಹ್ನ ಆದಮ್ಯಾಲ ನೀರ ಕುಡ್ಯೂದಿಲ್ಲವಾ. ಕುಡದ್ರ ಬಚ್ಚಲಕ ಹೋಗಬೇಕಾಗತೈತಿ, ನಮ್ಮನ್ನ ಎಬ್ಬಸಬೇಕಾಗತೈತಿ ಅಂತ. ಎಷ್ಟ ಹೇಳಿದ್ರೂ ಕೇಳೂದಿಲ್ಲ."

ಹಾಗಾಗಿ ಮೇ ೨೦ಕ್ಕೆ ನಾನು ಮನೆ ಖಾಲಿ ಮಾಡಲು ಶುರು ಮಾಡಿದೆ. ಅಂದರೆ ಪಟ್ಟಿ ಮಾಡಲು ಶುರು ಮಾಡಿದೆ. ಮೂರು ಬಣ್ಣದ ಶಾಯಿ, ಐದು ಅಂಕಣ. ಡಬ್ಬಿ ೮೭, ಮುಚ್ಚಳ ೧೧೨, ಒಂದಕ್ಕೊಂದು ಕೂಡುವ ಜೋಡಿ ೪೧. ಹನ್ನೊಂದು ದಿನದಲ್ಲಿ ಸಾಮಾನೆಲ್ಲ ಬರೆದು ಮುಗಿಯಿತು. ಹೊರಗೆ ಹೋದದ್ದು ಸೊನ್ನೆ. ಕೊನೆಗೆ ಆ ಪಟ್ಟಿಯ ಹಾಳೆಗಳನ್ನೇ ಇಡಲು ಜಾಗ ಸಿಗದೆ 'ಇತರೆ – ೮' ತೆರೆದೆ. ಆಮೇಲೆ ಅದರ ಪಕ್ಕದಲ್ಲೇ ಕೂತು ಅತ್ತುಬಿಟ್ಟೆ. ನಲವತ್ತು ನಿಮಿಷ. ಯಾವ ಡಬ್ಬಿ ಮುಟ್ಟಿದರೂ ಅದರ ಹಿಂದೆ ಇನ್ನೊಂದು ಡಬ್ಬಿ ಇಣುಕುತ್ತಿತ್ತು.

ಇದನ್ನೆಲ್ಲ ಕೇಳಿ ಶಾಂತಕ್ಕ, "ನಮ್ಮ ಆಯೀನ ಕಳಸ್ತೀನಿ ತಡೀರಿ," ಎಂದಳು. ಆಯಿ ಮೂವತ್ತು ವರ್ಷ ನಿಪ್ಪಾಣಿಯ ಒಂದು ತಂಬಾಕಿನ ವಖಾರಿನಲ್ಲಿ, ಅಂದರೆ ಗೋದಾಮಿನಲ್ಲಿ, ಎಲೆ ಆರಿಸಿದವಳು. ಎದೆ ಹಿಡಿಯತೊಡಗಿದ ಮೇಲೆ ಅದನ್ನು ಬಿಟ್ಟು, ಹಬ್ಬ ಮದುವೆಗಳ ಮುಂದೆ ಜನರ ಮನೆ ಹಸನು ಮಾಡಿಕೊಡುತ್ತಿದ್ದಳು.

ಜೂನ್ ೯, ಸೋಮವಾರ, ಒಂಬತ್ತೂವರೆಗೆ ಬಸ್ಸಿಳಿದು ಬಂದಳು. ಕುಳ್ಳಗಿನ ಹೆಂಗಸು, ಕಚ್ಚೆ ಸೀರೆ, ಬಲಗೈ ಬೆರಳ ತುದಿಗಳು ಚಹಾದಲ್ಲಿ ಅದ್ದಿ ತೆಗೆದಂತೆ ಕಂದು. ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟು ನಿಂತಳು. ಮೂಗು ಮೇಲೆತ್ತಿದಳು. ಮೂರು ಸಲ ಸೀನಿದಳು.

"ಛಲೋ ಆತು," ಎಂದಳು. "ಇನ್ನ ಒಂದ ಸ್ಟೂಲ ಕೊಡು."

ನಾನು ಗಾಬರಿಯಾಗಿ, ಧೂಳಿಗೆ ಕ್ಷಮಿಸಬೇಕು ಎಂದೆ. ನನಗೇನೂ ಅನ್ನಿಸುತ್ತಿಲ್ಲವಲ್ಲ ಎಂದೂ ಹೇಳಿದೆ.

"ನಿನಗ ಹೆಂಗ ಅನಸ್ತೈತಿ ಯವ್ವಾ? ವಖಾರ್ಯಾಗ ಕುಂತಾವ್ರಿಗೆ ತಂಬಾಕಿನ ಘಾಟ ಹತ್ತೂದಿಲ್ಲ. ಕೆಲಸಾ ನೋಡೂ ಮುಕಾದಮ ಸೈತ ದಿನಾ ಬಾಗಲದಾಗ ಹೊರಗಿನವ್ರನ್ನ ನಿಂದರಸ್ತಿದ್ದ. ಅವ್ರು ಸೀನಿದ್ರ ಒಳಗ ಎಷ್ಟ ಧೂಳ ಐತಿ ಅಂತ ಗೊತ್ತಾಗತಿತ್ತು. ಹೊರಗಿನವ್ರ ಬಂದು ಸೀನಬೇಕು."

ಕೂರಲಿಕ್ಕೆಂದು ಅಡುಗೆಮನೆಯ ಸ್ಟೂಲು ತಂದುಕೊಟ್ಟೆ. ಆಕೆ ಕೂರಲಿಲ್ಲ. ಸೆರಗಿನಿಂದ ಮೂಗು ಬಾಯಿ ಕಟ್ಟಿಕೊಂಡು, ಸ್ಟೂಲನ್ನು ಎರಡೂ ಕೈಯಲ್ಲಿ ಮುಂದೆ ಎತ್ತಿಟ್ಟು, ಒಂದು ಹೆಜ್ಜೆ ಹಾಕಿದಳು. ಮತ್ತೆ ಎತ್ತಿಟ್ಟು ಇನ್ನೊಂದು ಹೆಜ್ಜೆ. ಅದು ವಾಕರ್ ಎಂದು ನನಗೆ ಹೊಳೆಯುವಷ್ಟರಲ್ಲಿ ಆಕೆ ಅವ್ವನ ಹಾಸಿಗೆಯ ತನಕ ಹೋಗಿ ಅಲ್ಲಿಂದ ಬಚ್ಚಲ ಕಡೆಗೆ ಹೊರಟಿದ್ದಳು. ಸ್ಟೂಲಿನ ಕಾಲು ಒಂದು ಪೆಟ್ಟಿಗೆಗೆ ತಾಗಿತು. ನಿಂತಳು.

"ಇಲ್ಲಿ ನಿಮ್ಮವ್ವ ಬಿದ್ದಳು."

ಎರಡು ಹೆಜ್ಜೆ ಮುಂದೆ ಹಳೆಯ ಹೊಲಿಗೆ ಯಂತ್ರಕ್ಕೆ ತಾಗಿತು. "ಇಲ್ಲಿ ಮತ್ತ ಬಿದ್ದಳು."

ನಾನು ಟೇಪು ಹಿಡಿದು ಎಲ್ಲ ಸಂದಿಗಳನ್ನೂ ಅಳೆದು ಅಂಗುಲದಲ್ಲಿ ಬರೆದಿದ್ದೇನೆ, ಬೇಕಾದರೆ ತೋರಿಸುತ್ತೇನೆ ಎಂದೆ.

"ಟೇಪ ಬೀಳೂದಿಲ್ಲ ಶಾಣ್ಯಾಕಿ," ಎಂದು ಮುಂದೆ ನಡೆದಳು.

ಹಾಸಿಗೆಯಿಂದ ಬಚ್ಚಲಿಗೆ ಹತ್ತೊಂಬತ್ತು ಹೆಜ್ಜೆ. ಆ ಹತ್ತೊಂಬತ್ತು ಹೆಜ್ಜೆಯಲ್ಲಿ ಅವ್ವ ಹದಿನಾಲ್ಕು ಸಲ ಬಿದ್ದಳು. ಕೊನೆಯ ಮೂರು ಸಲ ಹಿಂದಿನ ಕೋಣೆಯಲ್ಲಿ, ಬಚ್ಚಲ ಬಾಗಿಲಿನ ಎದುರಿಗೇ.

ಆಯಿಯ ಕೆಲಸದ ರೀತಿ ವಖಾರಿನದೇ. ಅಲ್ಲಿ ಎಲೆಯನ್ನು ಮೂರಾಗಿ ಬೇರೆ ಮಾಡುತ್ತಾರಂತೆ: ಎಲಿ, ಕಾಡಿ, ಧೂಳು. ಎಲಿ ಮನೆಯಲ್ಲಿ ಉಳಿಯುವಂಥದು, ಕಾಡಿ ಎಂದರೆ ದಂಟು, ನಮಗೆ ಬೇಡವಾದರೂ ಬೇರೆ ಯಾರಿಗಾದರೂ ಆಗುವಂಥದು, ಧೂಳು ಧೂಳೇ. ಒಂದು ಎಲೆ ಒಂದು ಉಸಿರಿಗಿಂತ ಹೆಚ್ಚು ಹೊತ್ತು ಕೈಯಲ್ಲಿ ಇರಬಾರದು. ಬಾಗಿಲ ಕಡೆಯಿಂದ ಶುರು ಮಾಡಿ ಒಳಗೆ ಹೋಗಬೇಕು. ಎಣಿಸುವುದು ಮರಾಠಿಯಲ್ಲಿ, ಬೈಯುವುದು ಕನ್ನಡದಲ್ಲಿ.

ಆಕೆಗೆ ಓದಲು ಬರುತ್ತಿರಲಿಲ್ಲ. ನನ್ನ ಚೀಟಿಗಳ ಮುಂದೆ ಆಕೆ ನಿಂತದ್ದು ಗೋಡೆಯ ಮುಂದೆ ನಿಂತಂತೆ. "ಓದಾಕ ಬರೂದಿಲ್ಲಂತನ ನನ್ನ ಕೆಲಸ ಲಗೂನ ಆಗತೈತಿ," ಎನ್ನುತ್ತಿದ್ದಳು. "ನೀ ಒಂದ ಲಗ್ನಪತ್ರ ಹಿಡಕೊಂಡ ಕುಂತರ ಅವ್ರಿಗೆ ಮಕ್ಕಳಾಗಿ ಸಾಲಿಗೆ ಹೊಂಟಿರ್ತಾವು."

ಮೂರನೆಯ ದಿನ ಅಪ್ಪನ ಹಳೆಯ ಮಳೆಕೋಟು ಸಿಕ್ಕಿತು. ನಾನು ಅದನ್ನು ಹಿಡಿದು ನಿಂತೆ. ಇದು ಒಂದು ಉಸಿರಲ್ಲ, ಹತ್ತಾಯಿತು. ಬೈಗುಳ ಬರುತ್ತದೆ ಎಂದು ಕಾದೆ.

"ಎಲಿ. ಮುಂದ," ಎಂದಳು ಆಯಿ, ಈ ಕಡೆ ನೋಡದೆ.

"ನಿಮಗ ಹೆಂಗ ಗೊತ್ತಾತ್ರಿ?"

"ನಿನ್ನ ಕೈ ಅದನ್ನ ಮಡಚಾಕ ಹತ್ತೈತಿ ನೋಡು. ಬಾಕಿದ್ದೆಲ್ಲಾ ಬರೇ ಹಿಡಕೊಂಡಿತ್ತು."

ನೋಡಿಕೊಂಡೆ. ತೋಳುಗಳನ್ನು ಒಳಗೆ ಮಾಡಿ, ಕಾಲರು ಸರಿಪಡಿಸಿ, ನಾನಾಗಲೇ ಅರ್ಧ ಮಡಚಿದ್ದೆ.

ದಿನಾ ನಾಲ್ಕೂವರೆಗೆ ಎರಡನೆಯ ಚಹಾ ಕುಡಿದು, ಕಾಡಿಯ ಗುಂಪನ್ನು ಒಂದು ಚೀಲಕ್ಕೆ ತುಂಬಿ, ತಾನೇ ಹೊತ್ತುಕೊಂಡು ನಿಪ್ಪಾಣಿ ಬಸ್ಸು ಹತ್ತುತ್ತಿದ್ದಳು. "ಯಾರಿಗರೆ ಆಗತೈತಿ," ಎನ್ನುತ್ತಿದ್ದಳು. ನಾನು ಪ್ರತಿ ಚೀಲದ ಬಾಯಿ ಕಟ್ಟಿ, ಒಳಗೆ ಏನಿದೆ ಎಂಬ ಚೀಟಿ ತೂಗುಹಾಕಿ ಕೊಡುತ್ತಿದ್ದೆ. ಆಕೆ ನಗುತ್ತಿದ್ದಳು, ಆದರೆ ಚೀಟಿ ಕೀಳುತ್ತಿರಲಿಲ್ಲ.

ಇನ್ನು ಧೂಳು. ಜನರ ಮನೆಯ ಸಾಮಾನಿಗೆ ಆಯಿ 'ಧೂಳು' ಎನ್ನುತ್ತಿರಲಿಲ್ಲ. ಎಸೆಯುವಂಥದು ಕೈಗೆ ಬಂದರೆ, "ಇವು ಹೆಚ್ಚಾಗ್ಯಾವ," ಎಂದು ಪಕ್ಕಕ್ಕೆ ಸರಿಸುತ್ತಿದ್ದಳು. ತಳ ತೂತಾದ ಬಕೆಟ್ಟು ಹೆಚ್ಚಾತು. ಹಳೇ ಕ್ಯಾಲೆಂಡರು ಹೆಚ್ಚಾದವು. ನಾನು ಸಂಜೆ ಆಕೆ ಹೋದ ಮೇಲೆ ಅದನ್ನೆಲ್ಲ ವಿಲೇವಾರಿ ಮಾಡುತ್ತಿದ್ದೆ. ಮುಂಜಾನೆ ಆಕೆ ಬರುವಷ್ಟರಲ್ಲಿ ಪಡಸಾಲೆ ಕನ್ನಡಿಯಂತೆ. ಏಳು ದಿನದಲ್ಲಿ ಪಡಸಾಲೆ, ನಡುಮನೆ, ಅಡುಗೆಮನೆ ಖಾಲಿಯಾದವು. ಮಾವನಿಗೆ ಫೋನು ಮಾಡಿದೆ. ಬುಧವಾರ ಕರೆತರುತ್ತೇನೆ, ಅದು ತಪ್ಪಿದರೆ ಮುಂದೆ ಹದಿನೈದು ದಿನ ಗಾಡಿ ಸಿಗುವುದಿಲ್ಲ ಎಂದ. ತಪ್ಪುವುದಿಲ್ಲ ಎಂದು ಹೇಳಿದೆ.

ಜೂನ್ ೧೬, ಸೋಮವಾರ, ಎಂಟನೆಯ ದಿನ. ಉಳಿದದ್ದು ಹಿಂದಿನ ಕೋಣೆಯೊಂದೇ. ಆಯಿ ದಿನಾ ಮನೆಯ ಪಕ್ಕದ ಸಂದಿಯಿಂದ ಹಿತ್ತಲಿಗೆ ಹೋಗಿ ಕೈಕಾಲು ತೊಳೆಯುತ್ತಿದ್ದರಿಂದ ಮೊದಲ ದಿನದ ನಂತರ ಆ ಕೋಣೆಯನ್ನು ನೋಡಿರಲಿಲ್ಲ. ಅಂದು ಬಾಗಿಲು ತೆಗೆಯಲು ಹೋದಳು. ಬಾಗಿಲು ಅರ್ಧ ತೆರೆದು ನಿಂತುಬಿಟ್ಟಿತು. ಒಳಗೆ ಸೂರಿನ ತನಕ ಪೆಟ್ಟಿಗೆ. ಬಚ್ಚಲ ಬಾಗಿಲು ಕಾಣುತ್ತಲೇ ಇರಲಿಲ್ಲ; ಎರಡು ದಿನದಿಂದ ನಾನೂ ಹಿತ್ತಲಲ್ಲೇ ಮೀಯುತ್ತಿದ್ದೆ.

"ಇದೇನ?" ಎಂದಳು.

"ನೀವು ಹೆಚ್ಚಾತು ಹೆಚ್ಚಾತು ಅಂದ್ರೆಲ್ಲರಿ, ಅವೆಲ್ಲಾ. ಜ್ವಾಕೀಲೆ ಇಟ್ಟೀನಿ." ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. 'ಹೆಚ್ಚುವರಿ – ೧'ರಿಂದ 'ಹೆಚ್ಚುವರಿ – ೨೬'ರ ತನಕ, ಎಲ್ಲ ಚೀಟಿಗಳೂ ಮುಂದಕ್ಕೆ ಮುಖ ಮಾಡಿದ್ದವು.

ಆಯಿ ಒಂದು ಪೆಟ್ಟಿಗೆಯ ಚೀಟಿಯ ಮೇಲೆ ಬೆರಳಾಡಿಸಿದಳು. ಆಮೇಲೆ ಕೇಳಿದಳು: "ನಿಮ್ಮ ಮನ್ಯಾಗ ಅಕ್ಕಿ ಹೆಚ್ಚಾದ್ರ ಏನ್ ಮಾಡ್ತೀರಿ?"

"ಅಂಗಡಿಗೆ ಹೋಗಿ ತರ್ತೀವ್ರಿ," ಎಂದೆ.

ಹೇಳುತ್ತಿದ್ದಂತೆ ನನ್ನ ಕಿವಿ ಬಿಸಿಯಾಯಿತು.

ನಮ್ಮ ಕಡೆ ಮನೆಯಲ್ಲಿ ಯಾವುದೂ ಮುಗಿಯುವುದಿಲ್ಲ. ಅಕ್ಕಿ ಮುಗಿದರೆ ಅಕ್ಕಿ ಹೆಚ್ಚಾಯಿತು, ಬಳೆ ಒಡೆದರೆ ಬಳೆ ಹೆಚ್ಚಾದವು. ಮುಗಿಯಿತು, ಒಡೆಯಿತು ಎಂದರೆ ಮನೆಗೆ ಒಳ್ಳೆಯದಲ್ಲ ಎಂದು ಮಾತನ್ನೇ ತಿರುಗಿಸಿ ಹೇಳುತ್ತಾರೆ. ಹಾಲು ಬಿಟ್ಟ ವಯಸ್ಸಿನಿಂದ ನಾನು ಈ ಮಾತು ಕೇಳಿದ್ದೇನೆ. ಪಕ್ಕದ ಮನೆಯವರು ಬಟ್ಟಲು ಹಿಡಿದು ಬಂದು "ಸಕ್ರಿ ಹೆಚ್ಚಾಗೈತ್ರಿ" ಎಂದರೆ, ಹೆಚ್ಚಾಗಿದ್ದರೆ ನಮಗೆ ಕೊಡಿ ಎಂದು ನಾನೇನೂ ಕೇಳಿದವಳಲ್ಲ. ಆದರೆ ನಲವತ್ತು ಪ್ಲಾಸ್ಟಿಕ್ ಡಬ್ಬಿ ಮುಂದಿಟ್ಟುಕೊಂಡು ಒಬ್ಬರು 'ಹೆಚ್ಚಾಗ್ಯಾವ' ಎಂದಾಗ, ಲೆಕ್ಕ ಬರೆಯುವವಳ ತಲೆಗೆ ಹೊಳೆದದ್ದು 'ಹೆಚ್ಚುವರಿ ದಾಸ್ತಾನು'.

ಆಯಿ ಹೊಸ್ತಿಲ ಮೇಲೆ ಕೂತು ನಗತೊಡಗಿದಳು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. "ಮೂವತ್ತ ವರ್ಷ ತಂಬಾಕ ಆರಿಸೀನಿ. ಧೂಳಿಗೆ ಚೀಟಿ ಹಚ್ಚಿ ಮಾಳಗಿ ಕಟ್ಟಿದಾಕಿನ್ನ ನೋಡಿದ್ದಿಲ್ಲ ಯವ್ವಾ. ನಾ ಮುಂದಿನ ಬಾಗಲದಿಂದ ಕಳಿಸಿದ್ದನ್ನ ನೀ ಹಿಂದಿನ ಬಾಗಲಕ್ಕ ಹೋಗಿ ಆರತಿ ಮಾಡಿ ಕರಕೊಂಡ ಬಂದೀ."

ನಾನು ನಗಲಿಲ್ಲ. ನಾಳೆ ಒಂದು ದಿನ ಕಳೆದರೆ ಬುಧವಾರ. ಐಗಳಿಯಲ್ಲಿ ಅವ್ವ ನೀರು ಕುಡಿಯದೆ ಕೂತಿದ್ದಾಳೆ ಎಂದು ಆಗ ಆಯಿಗೆ ಹೇಳಿದೆ. ಅಲ್ಲಿಯ ತನಕ ಹೇಳಿರಲಿಲ್ಲ. ಆಯಿಯ ನಗು ನಿಂತಿತು. ಎದ್ದು ಕಚ್ಚೆ ಬಿಗಿದುಕೊಂಡಳು.

"ಚೀಟಿ ಓದಬ್ಯಾಡ. ಬರೇ ಎತ್ತು."

ಇಪ್ಪತ್ತಾರು ಪೆಟ್ಟಿಗೆ ಎತ್ತಿ ಅಂಗಳಕ್ಕೆ ಹಾಕುವಷ್ಟರಲ್ಲಿ ಮೂರು ಗಂಟೆ. ಅದರ ಹಿಂದೆ, ಗೋಡೆಗೆ ಒರಗಿ 'ಇತರೆ – ೪' ಇತ್ತು. ಅವ್ವ ಬಿದ್ದ ದಿನದಿಂದ ನಾನು ಅದನ್ನು ತೆರೆದಿರಲಿಲ್ಲ. ಪಟ್ಟಿಯಲ್ಲಿ ಅದರ ಮುಂದೆ 'ನಂತರ ನೋಡುವುದು' ಎಂದು ಬರೆದಿದ್ದೆ. ಆಯಿ ಅದನ್ನು ದಣಿದು ಕೂತಿದ್ದ ನನ್ನ ತೊಡೆಯ ಮೇಲೆ ಇಟ್ಟಳು.

ಬೆಲೆಬಾಳುವಂಥದು ಏನಾದರೂ ಇರಲಿ ಎಂದು ದೇವರನ್ನು ಬೇಡಿಕೊಂಡೆ. ಒಂದು ಮುರಿದ ಕಾಲಿಗೆ ತೂಗುವಂಥದು. ತೆರೆದೆ. ಮೊಬೈಲ್ ಚಾರ್ಜರಿನ ವೈರುಗಳು. ಮೂವತ್ತೊಂದು. ಯಾವ ಮೊಬೈಲಿನವು ಎಂದು ನನಗೂ ಗೊತ್ತಿಲ್ಲ; ಆ ಮೊಬೈಲುಗಳು ಈಗ ಲೋಕದಲ್ಲೇ ಇಲ್ಲ.

"ನನ್ನಿಂದನ ಬಿದ್ದಳ್ರಿ ಆಯಿ," ಎಂದೆ.

ಬೇರೆ ಯಾರಾದರೂ, ಹಂಗೆಲ್ಲಾ ಅನಬಾರದು ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಎಲ್ಲರೂ ಹಾಗೆಯೇ ಅಂದಿದ್ದರು. ಆಯಿ ನನ್ನ ಮುಖ ನೋಡಿದಳು.

"ಹೌದು, ನಿನ್ನಿಂದನ. ಇನ್ನ ಏಳು. ಬುಧವಾರ ಬರೂದೈತಿ ಆಕಿ."

ಎರಡು ತಿಂಗಳಲ್ಲಿ ಮೊದಲ ಸಲ ನನಗೆ ಸರಾಗವಾಗಿ ಉಸಿರಾಡಲು ಬಂತು. ಆ ದಿನ ಡೈರಿಯಲ್ಲಿ ಬೇರೆ ಏನೂ ಬರೆದಿಲ್ಲ.

ಮಂಗಳವಾರ ಗುಜರಿಯವನ ಗಾಡಿ ಮೂರು ಸಲ ಬಂದು ಹೋಯಿತು. ಐದು ಗಂಟೆಗೆ ಆಯಿ ಮತ್ತೆ ಸ್ಟೂಲು ಹಿಡಿದು ಹಾಸಿಗೆಯಿಂದ ಹೊರಟಳು. ನಾನು ಹಿಂದೆ ಹಿಂದೆ. ಹತ್ತೊಂಬತ್ತು ಹೆಜ್ಜೆ. ಸ್ಟೂಲು ಯಾವುದಕ್ಕೂ ತಾಗಲಿಲ್ಲ. ಬಚ್ಚಲ ಬಾಗಿಲಿಗೆ ಹೋಗಿ ಅದನ್ನು ಕೆಳಗಿಟ್ಟು, ಒಂಬತ್ತು ದಿನದಲ್ಲಿ ಮೊದಲ ಸಲ ಅದರ ಮೇಲೆ ಕೂತಳು. "ಬಂದಳು ನಿಮ್ಮವ್ವ," ಎಂದಳು. ಆಮೇಲೆ ಒಂಬತ್ತನೆಯ ಚೀಲ ಹೊತ್ತುಕೊಂಡು ಬಸ್ಸಿಗೆ ಹೋದಳು.

ಮರುದಿನ ಹನ್ನೊಂದು ಹತ್ತಕ್ಕೆ ಅವ್ವ ಬಂದಳು. ಬಾಗಿಲಲ್ಲಿ ನಿಂತು, "ಇದು ನಮ್ಮ ಮನೀನ ಹೌದಲ್ಲ?" ಎಂದಳು. ವಾಕರ್ ಎತ್ತಿಡುತ್ತ, ಎತ್ತಿಡುತ್ತ ಬಚ್ಚಲ ತನಕ ಒಬ್ಬಳೇ ನಡೆದಳು. ತಿರುಗಿ ಬಂದು ಹಾಸಿಗೆಯ ಮೇಲೆ ಕೂತು ಕೇಳಿದ ಮೊದಲ ಮಾತು: "ನನ್ನ ಛತ್ರಿ ಎಲ್ಲಿ?" ಎರಡನೆಯದು: "ಒಂದ ತಂಬಗಿ ನೀರ ಕೊಡು." ಅಂದು ಮಧ್ಯಾಹ್ನದ ನಂತರ ಅವ್ವ ಕುಡಿದ ನೀರು ಎಂಟು ಲೋಟ. ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

"ಆಕಿನ್ನ ಒಂದ ದಿನ ಕರೀ," ಎಂದು ಅವ್ವ ಆ ವಾರವೇ ಹೇಳಿದಳು. "ಉಣ್ಣಾಕ ಹಾಕೂನು." ಡೈರಿಯ 'ಮಾಡಬೇಕಾದ ಕೆಲಸ'ದಲ್ಲಿ 'ಆಯಿಯನ್ನು ಕರೆಯುವುದು' ಎಂದು ಬರೆದೆ. ಮುಂದಿನ ವಾರಕ್ಕೆ ಅದನ್ನು ಮತ್ತೆ ಬರೆದೆ. ಹೀಗೆ ಮೂವತ್ತಮೂರು ವಾರ, ಒಂದನ್ನೂ ಬಿಡದೆ, ಅದೇ ಮುದ್ದಾದ ಅಕ್ಷರದಲ್ಲಿ. ಮೂವತ್ತಮೂರನೆಯ ವಾರ ಶಾಂತಕ್ಕ ಪ್ರಯೋಗಾಲಯದ ಬಾಗಿಲಿಗೆ ಬಂದು ನಿಂತಳು.

ಫೆಬ್ರುವರಿ ೮, ಭಾನುವಾರ, ಶಾಂತಕ್ಕನ ಜೊತೆ ನಿಪ್ಪಾಣಿಗೆ ಹೋದೆ. ಆಯಿಯ ಸೊಸೆ ಚಹಾ ಕೊಟ್ಟಳು. ನನ್ನನ್ನು ನೋಡಿ, "ಚೀಟಿ ಹಚ್ಚೂ ಅಕ್ಕಾರು ನೀವ ಏನ್ರಿ? ಆಯಿ ಭಾಳ ಹೇಳ್ತಿದ್ದಳು," ಎಂದಳು. ಆಮೇಲೆ ಸೆರಗಿನಿಂದ ಬೆವರು ಒರೆಸಿಕೊಂಡು ಮೆಲ್ಲಗೆ ಹೇಳಿದಳು: "ನಮ್ಮ ಹುಡಿಗೀದ ಹತ್ತನೇ ಇಯತ್ತಾ ಪರೀಕ್ಷೆ ಬಂತ್ರಿ. ಓದಾಕ ಆಯೀ ಖೋಲಿ ಬೇಕು. ಒಂದ ಗಂಟ ಬಿಚ್ಚತೀನಿ, ಅಳು ಬರತೈತಿ, ಮತ್ತ ಕಟ್ಟತೀನಿ. ನಾಕ ದಿನದಾಗ ಏನೂ ಹರೀಲಿಲ್ಲ. ಎಲ್ಲಿಂದ ಶುರು ಮಾಡಬೇಕಂತ ತಿಳೀವಲ್ದು."

ಕೋಣೆ ತೋರಿಸಿದಳು. ಆಯಿಯ ಕೋಣೆ ಎಂದರೆ ಬೋಳು ಗೋಡೆ, ಒಂದು ಟ್ರಂಕು, ಎರಡು ಸೀರೆ ಎಂದು ನಾನು ಅಂದುಕೊಂಡಿದ್ದೆ. ಬಾಗಿಲು ಅರ್ಧ ತೆರೆದು ನಿಂತುಬಿಟ್ಟಿತು. ಒಳಗೆ ಮಂಚದ ಕೆಳಗೆ, ಮಂಚದ ಮೇಲೆ, ಸೂರಿನ ತನಕ ಗಂಟು, ಡಬ್ಬಿ, ಚೀಲ. ಊರ ಮನೆಗಳ ಕಾಡಿಯೆಲ್ಲ ಅಲ್ಲಿತ್ತು. ಎದುರು ಗೋಡೆಗೆ ಸಾಲಾಗಿ ಒಂಬತ್ತು ಚೀಲ, ನನ್ನ ಗಂಟು ನನ್ನ ಚೀಟಿ ಹಾಗೆಯೇ. 'ಚೀಲ ೫: ಜೋಡಿ ಇಲ್ಲದ ಮುಚ್ಚಳ, ೭೧.' 'ಚೀಲ ೨'ರ ಬಾಯಿಂದ ಅವ್ವನ ಛತ್ರಿಯ ಹಿಡಿಕೆ ಹೊರಗೆ ಇಣುಕುತ್ತಿತ್ತು.

"ಯಾರಿಗರೆ ಆಗತೈತಿ ಅಂತಿದ್ದಳ್ರಿ," ಎಂದಳು ಸೊಸೆ.

ನನಗೆ ನಗು ಬಂತು. ಸಾವಿನ ಮನೆಯೆಂದು ಬಾಯಿಗೆ ಕೈ ಅಡ್ಡ ಹಿಡಿದು ಹೊಸ್ತಿಲು ದಾಟಿದೆ. ಎರಡು ಹೆಜ್ಜೆ ಇಟ್ಟಿರಲಿಲ್ಲ, ಮೂಗಿನ ತುದಿಯಲ್ಲಿ ಹಳೆಯ ತಂಬಾಕಿನ ಘಾಟು ಚುರ್ ಎಂದಿತು. ಒಂದು ಸೀನು ಬಂತು. ಎರಡನೆಯದು. ಮೂರನೆಯದಕ್ಕೆ ಕಣ್ಣಲ್ಲಿ ನೀರು.

"ಧೂಳ ಭಾಳ ಐತೇನ್ರಿ?" ಸೊಸೆ ಸಂಕೋಚದಿಂದ ಕೇಳಿದಳು. "ನಮಗೇನ ಗೊತ್ತ ಆಗೂದಿಲ್ಲ ನೋಡ್ರಿ."

ನಾನು ಓಢಣಿಯಿಂದ ಮೂಗು ಬಾಯಿ ಕಟ್ಟಿಕೊಂಡೆ.

"ಛಲೋ ಆತ್ರಿ," ಎಂದೆ. "ಇನ್ನ ಒಂದ ಸ್ಟೂಲ ಕೊಡ್ರಿ."